ಗಂಟಿಲ್ಲದಂತೆ ತೊಳಸುವ ವಿದ್ಯೆ

ಕೆಲವು ವರ್ಷಗಳ ಹಿಂದಿನ ಮಾತು. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿ ದೂರವಾಣಿ ಮಾಡಿ, ‘ಸಾರ್, ಒಮ್ಮೆ ತಾವು ಬಂದು ನೋಡಬೇಕು, ಏನೋ ಎಡವಟ್ಟಾಗಿದೆ’ ಎಂದ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರು ದಶಕಗಳ ಕಾಲ ಪಾಲಿಮರ್ ವಿಜ್ಞಾನ ಬೋಧಿಸಿ ನಿವೃತ್ತನಾದವನಿಗೆ ಇಂಥ ಕರೆಗಿಂತ ಸಂತೋಷದ ಸಂಗತಿ ಬೇರೆ ಇರುವುದಿಲ್ಲ. ಹೋದೆ. ಮೇಜಿನ ಮೇಲೆ ಪಂಪಿಗೆ ಬೇಕಾದ ನೈಲಾನ್ ಬಿಡಿಭಾಗಗಳ ರಾಶಿ ಇತ್ತು. ಅವನು ಒಂದನ್ನು ಎತ್ತಿ ನೆಲಕ್ಕೆ ಹಾಕಿದ. ಅದು ಹಪ್ಪಳದಂತೆ ಮುರಿಯಿತು.

‘ಏನಪ್ಪಾ, ಏನು ಬೆರೆಸಿದೆ ಇದಕ್ಕೆ?’ ಎಂದು ಕೇಳಿದೆ. ಮೂಲೆಯಲ್ಲಿದ್ದ ಚೀಲದತ್ತ ಕೈ ತೋರಿಸಿದ. ವಿದೇಶದಿಂದ ಬಂದ ಬಿಳಿ ಪುಡಿ. ಚೀಲದ ಮೇಲೆ ದಪ್ಪ ಅಕ್ಷರಗಳಲ್ಲಿ ‘ನ್ಯಾನೊ’ ಎಂದಿತ್ತು. ನೂರು ಕಿಲೊ ನೈಲಾನಿಗೆ ಐದು ಕಿಲೊ ಪುಡಿ ಬೆರೆಸಿದರೆ ಸಾಕು, ಲೋಹಕ್ಕೆ ಸರಿಸಾಟಿಯಾಗುತ್ತದೆ ಎಂದು ಮಾರಾಟಗಾರ ನಂಬಿಸಿದ್ದನಂತೆ. ಆ ಮಾತನ್ನು ನಂಬಿ ದೊಡ್ಡ ಆರ್ಡರು ಒಪ್ಪಿಕೊಂಡು, ಬ್ಯಾಂಕಿನಲ್ಲಿ ಸಾಲ ಮಾಡಿ ಮಾಲು ಕಳಿಸಿದ್ದ. ಮಾಲು ಅಷ್ಟೂ ವಾಪಸು ಬಂದಿತ್ತು. ನಾವು ಮಾತನಾಡುತ್ತಿದ್ದಾಗ ಪಕ್ಕದ ಯಂತ್ರದಲ್ಲಿ ಕೊನೆಯ ಪ್ರಯತ್ನವೆಂಬಂತೆ ಇನ್ನೊಂದು ಸುತ್ತು ನಡೆದಿತ್ತು. ಏಣಿಯ ಮೇಲೆ ನಿಂತ ಹುಡುಗನೊಬ್ಬ ಮೂಗಿಗೆ ಟವೆಲು ಸುತ್ತಿಕೊಂಡು, ಮಗ್ಗಿನಿಂದ ಆ ಪುಡಿಯನ್ನು ಹಾಪರಿಗೆ ಸುರಿಯುತ್ತಿದ್ದ. ಕಿಟಕಿಯ ಬಿಸಿಲುಕೋಲಿನಲ್ಲಿ ಬಿಳಿಯ ಧೂಳು ತೇಲುತ್ತಿತ್ತು.

ಮುರಿದ ಭಾಗದ ತೆಳು ಹೋಳೊಂದನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಪುಡಿ ನೈಲಾನಿನೊಳಗೆ ಹರಡಿಕೊಂಡೇ ಇರಲಿಲ್ಲ. ಅಲ್ಲಲ್ಲಿ ಗಂಟುಗಟ್ಟಿ ಕುಳಿತಿತ್ತು. ಪ್ರತಿಯೊಂದು ಗಂಟಿನ ಅಂಚಿನಿಂದಲೂ ಬಿರುಕು ಹೊರಟಿತ್ತು. ನ್ಯಾನೊ ಎಂಬುದು ಚೀಲದ ಮೇಲಿತ್ತೇ ಹೊರತು ವಸ್ತುವಿನೊಳಗೆ ಇರಲಿಲ್ಲ.

ಮುದ್ದೆ ಮಾಡುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕುದಿಯುವ ಎಸರಿಗೆ ಹಿಟ್ಟು ಸುರಿದು ಸುಮ್ಮನೆ ಕಲಕಿದರೆ ಗಂಟಾಗುತ್ತದೆ. ಗಂಟಿನ ಹೊರಮೈ ಬೆಂದು, ಒಳಗೆ ಹಸಿ ಹಿಟ್ಟು ಹಾಗೆಯೇ ಉಳಿಯುತ್ತದೆ. ನನ್ನ ತಾಯಿ ಮೊದಲು ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡುತ್ತಿದ್ದರು. ಅದು ಉಕ್ಕಿ ಬಂದ ಮೇಲೆ ಉಳಿದ ಹಿಟ್ಟು ಹಾಕಿ, ಕೋಲಿನಿಂದ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತೊಳಸುತ್ತಿದ್ದರು. ರಾಗಿ ಎಲ್ಲರ ಮನೆಯದೂ ಒಂದೇ; ಮುದ್ದೆ ಮಾತ್ರ ಕೈಯಿಂದ ಕೈಗೆ ಬೇರೆ.

ಪಾಲಿಮರ್ ನ್ಯಾನೊ ಕಾಂಪೋಸಿಟ್ ಎಂಬ ದೊಡ್ಡ ಹೆಸರಿನ ವಸ್ತುವಿನ ಕಥೆಯೂ ಹೀಗೆಯೇ. ಕಣವನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಬೆರೆಸುವ ವಿದ್ಯೆಯನ್ನು ಕಷ್ಟಪಟ್ಟು ಕಟ್ಟಿಕೊಳ್ಳಬೇಕು. ಕಳೆದ ಎರಡು ದಶಕಗಳಲ್ಲಿ ನಾವು ಕಣದ ಮೇಲೆ ಹಣ ಹೂಡಿದ್ದೇವೆ, ಸಂಶೋಧನಾ ಪ್ರಬಂಧಗಳನ್ನು ಎಣಿಸಿ ಹೆಮ್ಮೆಪಟ್ಟಿದ್ದೇವೆ. ಬೆರೆಸುವ ಕೈಯನ್ನೂ ಆ ಕೈಯ ಒಡೆಯನ ಶ್ವಾಸಕೋಶವನ್ನೂ ಮರೆತಿದ್ದೇವೆ. ನನ್ನ ತಕರಾರು ಇದು.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಎರಡು ವಸ್ತುಗಳನ್ನು ಬೆರೆಸಿ ಎರಡಕ್ಕಿಂತಲೂ ಉತ್ತಮವಾದ ಮೂರನೆಯದನ್ನು ಪಡೆಯುವುದು ಹೊಸ ವಿಚಾರವೇನಲ್ಲ. ಗೋಡೆಯ ಮಣ್ಣಿಗೆ ಹುಲ್ಲು, ಹೊಟ್ಟು ಸೇರಿಸಿ ತುಳಿಯುತ್ತಿದ್ದ ನಮ್ಮ ಹಿರಿಯರು ಮಾಡಿದ್ದೂ ಕಾಂಪೋಸಿಟನ್ನೇ. ಪ್ಲಾಸ್ಟಿಕ್ಕಿಗೆ ಗಾಜಿನ ಎಳೆ ಅಥವಾ ಸುಣ್ಣಕಲ್ಲಿನ ಪುಡಿ ಬೆರೆಸುವುದು ಕಾರ್ಖಾನೆಗಳ ನಿತ್ಯದ ಕೆಲಸ. ಆದರೆ ಅಲ್ಲಿ ಶೇ 20, ಶೇ 30ರಷ್ಟು ಬೆರೆಸಬೇಕು. ಆಗ ತೂಕ ಹೆಚ್ಚುತ್ತದೆ. ಪುಡಿ ಹೆಚ್ಚಾದಷ್ಟೂ ವಸ್ತು ಬಿರುಸಾಗುತ್ತದೆ. ಬೆರೆಸುವ ಕಣದ ಒಂದು ಅಳತೆಯಾದರೂ ನ್ಯಾನೊಮೀಟರುಗಳಲ್ಲಿದ್ದರೆ ಕೆಲವೇ ಶೇಕಡದಷ್ಟು ಸಾಕಾಗುತ್ತದೆ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲೇ ನ್ಯಾನೊಮೀಟರ್. ತಲೆಗೂದಲಿನ ದಪ್ಪ ಸುಮಾರು 80 ಸಾವಿರದಿಂದ ಒಂದು ಲಕ್ಷ ನ್ಯಾನೊಮೀಟರ್.

ಇದರ ಗುಟ್ಟು ಮೇಲ್ಮೈಯಲ್ಲಿದೆ. ಒಂದು ತೆಂಗಿನಕಾಯಿಯನ್ನು ಹೋಳು ಮಾಡುತ್ತಾ, ತುರಿಯುತ್ತಾ ಹೋದಂತೆ ತೂಕ ಅಷ್ಟೇ ಇರುತ್ತದೆ, ಹೊರಗೆ ತೆರೆದುಕೊಳ್ಳುವ ಮೈ ಮಾತ್ರ ಬೆಳೆಯುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಮಣ್ಣಿನ ಖನಿಜದಲ್ಲಿ ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಪದರಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಆ ಹಾಳೆಗಳನ್ನೆಲ್ಲ ಬಿಡಿಸಿ ಹರಡಿದರೆ ಒಂದೇ ಒಂದು ಗ್ರಾಂ ಜೇಡಿಯಿಂದ 700 ಚದರ ಮೀಟರಿಗೂ ಮಿಕ್ಕಿದ ಮೇಲ್ಮೈ ದೊರೆಯುತ್ತದೆ. ಬೆಂಗಳೂರಿಗರ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತು-ನಲವತ್ತರ ಆರು ನಿವೇಶನಗಳು! ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ಈ ಅಪಾರ ಮೇಲ್ಮೈಯನ್ನು ಹಿಡಿದುಕೊಂಡಾಗ ಇಡೀ ವಸ್ತುವಿನ ಸ್ವಭಾವವೇ ಬದಲಾಗುತ್ತದೆ.

ಈ ಜೇಡಿ ನಮಗೆ ಅಪರಿಚಿತವೂ ಅಲ್ಲ. ಧಾರವಾಡ, ವಿಜಯಪುರ, ಕಲಬುರಗಿ ಸೀಮೆಯ ಎರೆಹೊಲಗಳನ್ನು ಕಂಡವರಿಗೆ ಗೊತ್ತು: ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಹೆಜ್ಜೆ ಕೀಳಲಾಗದಷ್ಟು ಉಬ್ಬು. ಎರೆಮಣ್ಣಿನಲ್ಲಿ ಹೇರಳವಾಗಿರುವ ಇದೇ ಗುಂಪಿನ ಖನಿಜದ ಪದರಗಳ ನಡುವೆ ನೀರು ನುಗ್ಗಿ ಅವನ್ನು ದೂರ ಸರಿಸುವುದೇ ಅದಕ್ಕೆ ಕಾರಣ. ಅಡಿಪಾಯ ಸರಿಯಿಲ್ಲದ ಮನೆಯ ಗೋಡೆಯನ್ನು ಸೀಳುವ ಈ ಗುಣವನ್ನೇ ಪ್ಲಾಸ್ಟಿಕ್ಕನ್ನು ಗಟ್ಟಿ ಮಾಡಲು ಬಳಸಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವರು ಜಪಾನಿನ ಎಂಜಿನಿಯರುಗಳು.

1980ರ ದಶಕದಲ್ಲಿ ಟೊಯೊಟ ಕಂಪನಿಯ ಕೇಂದ್ರ ಸಂಶೋಧನಾಲಯದ ತಂಡವೊಂದು ನೈಲಾನ್-6 ಮತ್ತು ಮಾಂಟ್‌ಮೊರಿಲೊನೈಟ್‌ಗಳನ್ನು ಒಂದುಗೂಡಿಸಿತು. ಅವರು ನಮ್ಮ ವಿದ್ಯಾರ್ಥಿಯಂತೆ ಪುಡಿಯನ್ನು ಹಾಪರಿಗೆ ಸುರಿಯಲಿಲ್ಲ. ಜೇಡಿಗೆ ನೀರೆಂದರೆ ಪ್ರೀತಿ, ಪ್ಲಾಸ್ಟಿಕ್ಕೆಂದರೆ ದೂರ. ಎಣ್ಣೆ ಜಿಡ್ಡನ್ನೂ ನೀರನ್ನೂ ಸೀಗೆಕಾಯಿ ಕೂಡಿಸುವಂತೆ, ಎರಡರ ಜೊತೆಗೂ ಹೊಂದಿಕೊಳ್ಳುವ ಅಮೈನೊ ಆಮ್ಲವೊಂದನ್ನು ಮೊದಲು ಪದರಗಳ ನಡುವೆ ಕೂರಿಸಿದರು. ಪದರಗಳು ಕೊಂಚ ಸರಿದವು. ಆಮೇಲೆ ನೈಲಾನಿನ ಮೂಲ ಅಣುಗಳನ್ನು ಆ ಸಂದಿಗೆ ಬಿಟ್ಟು ಅಲ್ಲಿಯೇ ಅವುಗಳಿಂದ ಸರಪಳಿ ಕಟ್ಟಿಸಿದರು. ಬೆಳೆಯುವ ಸರಪಳಿಗಳು ಹಾಳೆಗಳನ್ನು ಒಂದೊಂದಾಗಿ ದೂಡಿ ಬಿಡಿಸಿದವು.

ಫಲಿತಾಂಶ ಬೆರಗುಗೊಳಿಸುವಂತಿತ್ತು. ಬೆರೆಸಿದ ಜೇಡಿ ಶೇ 5ಕ್ಕೂ ಕಡಿಮೆ. ನೈಲಾನಿನ ಬಾಗದೆ ನಿಲ್ಲುವ ಗುಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಎಳೆತ ತಾಳುವ ಶಕ್ತಿ ಅರ್ಧದಷ್ಟು ಹೆಚ್ಚಿತು. ಭಾರ ಹೊತ್ತ ನೈಲಾನ್ 65 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮೆತ್ತಗಾಗಿ ಬಾಗುತ್ತಿದ್ದುದು ಸುಮಾರು 150 ಡಿಗ್ರಿಯವರೆಗೆ ತಾಳಿಕೊಂಡಿತು. ಎಂಜಿನ್ನಿನ ಪಕ್ಕದ ಬಿಸಿಯಲ್ಲಿ ಕುಳಿತುಕೊಳ್ಳುವ ಬಿಡಿಭಾಗಕ್ಕೆ ಇದಕ್ಕಿಂತ ಬೇರೆ ಯೋಗ್ಯತೆ ಬೇಕೆ? 1990ರ ದಶಕದ ಆರಂಭದ ಹೊತ್ತಿಗೆ ಟೊಯೊಟ ಕಾರುಗಳಲ್ಲಿ ಟೈಮಿಂಗ್ ಬೆಲ್ಟಿನ ಮುಚ್ಚಳ ಇದೇ ವಸ್ತುವಿನಿಂದ ತಯಾರಾಗತೊಡಗಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಜೇಡಿ ಅಗ್ಗದ್ದು, ನೈಲಾನ್ ಹಳೆಯದು. ಹೊಸದಾಗಿದ್ದುದು ಕೂಡಿಸುವ ಕ್ರಮವೊಂದೇ.

ಇತರ ಬಳಕೆಗಳೂ ಹಿಂಬಾಲಿಸಿದವು. 2002ರ ಮಾದರಿಯ ವ್ಯಾನುಗಳ ಕಾಲಿಡುವ ಮೆಟ್ಟಿಲಿಗೆ ಅಮೆರಿಕದ ಜನರಲ್ ಮೋಟಾರ್ಸ್ ಜೇಡಿ ಬೆರೆತ ಪ್ಲಾಸ್ಟಿಕ್ ಬಳಸಿತು. ಅದೇ ಸುಮಾರಿಗೆ ವಿಲ್ಸನ್ ಕಂಪನಿಯ ಟೆನಿಸ್ ಚೆಂಡುಗಳ ಒಳಮೈಗೆ ರಬ್ಬರು ಮತ್ತು ವರ್ಮಿಕ್ಯುಲೈಟ್ ಜೇಡಿಯ ತೆಳು ಲೇಪ ಬಂದು, ಅವು 2002ರ ಡೇವಿಸ್ ಕಪ್ ಅಂಗಳಕ್ಕೂ ಇಳಿದವು. ಚೆಂಡಿನೊಳಗಿನ ಗಾಳಿ ಬೇಗ ಸೋರಿಹೋಗದಿರಲು ಕಾರಣ ಸರಳ. ಮೈಸೂರು ರಸ್ತೆಯಲ್ಲಿ ನೇರ ನಡೆಯುವವನನ್ನು ಚಿಕ್ಕಪೇಟೆಯ ಗಲ್ಲಿಗಳಲ್ಲಿ ಬಿಟ್ಟರೆ ಏನಾಗುತ್ತದೆ? ಹಾಳೆಹಾಳೆಯಾಗಿ ಅಡ್ಡ ಮಲಗಿರುವ ಜೇಡಿಯ ಪದರಗಳನ್ನು ಸುತ್ತಿ ಬಳಸಿ ಗಾಳಿಯ ಅಣು ಹೊರಬರುವಷ್ಟರಲ್ಲಿ ಬಹುಕಾಲ ಕಳೆದಿರುತ್ತದೆ. ಬೆಂಕಿ ತಗುಲಿದಾಗಲೂ ಇದೇ ಪದರಗಳು ಕರಿದ ಕವಚವಾಗಿ ನಿಂತು, ಉರಿ ವೇಗವಾಗಿ ಹಬ್ಬುವುದನ್ನು ತಡೆಯುತ್ತವೆ.

ನಿಜ ಹೇಳಬೇಕೆಂದರೆ ನಾವೆಲ್ಲರೂ ಅರಿವಿಲ್ಲದೆಯೇ ನ್ಯಾನೊ ಕಾಂಪೋಸಿಟಿನ ಮೇಲೆ ಓಡಾಡುತ್ತಿದ್ದೇವೆ. ಟೈರು ಕಪ್ಪಗಿರುವುದು ಅದರಲ್ಲಿರುವ ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿಯಿಂದ. ಅದರ ಮೂಲಕಣಗಳ ಗಾತ್ರ ಹತ್ತಾರು ನ್ಯಾನೊಮೀಟರ್ ಮಾತ್ರ. ನ್ಯಾನೊ ತಂತ್ರಜ್ಞಾನ ಎಂಬ ಪದವನ್ನು ಜಪಾನಿನ ನೊರಿಯೊ ತಾನಿಗುಚಿ 1974ರಲ್ಲಿ ಬಳಸುವುದಕ್ಕೆ ದಶಕಗಳ ಮುನ್ನವೇ ರಬ್ಬರು ಕಾರ್ಖಾನೆಗಳ ಮಿಕ್ಸಿಂಗ್ ವಿಭಾಗದವರು ಮಸಿಯನ್ನು ಗಂಟಿಲ್ಲದಂತೆ ಅರೆಯುವುದನ್ನು ಕಲಿತಿದ್ದರು. 1990ರ ದಶಕದಲ್ಲಿ ಮಿಶೆಲಿನ್ ಕಂಪನಿ ಮಸಿಯ ಬಹುಪಾಲಿಗೆ ಬದಲಾಗಿ ಸಿಲಿಕಾ ಬಳಸಿ, ಇಂಧನ ಉಳಿಸುವ ಟೈರುಗಳನ್ನು ತಂದಾಗಲೂ ಗೆದ್ದದ್ದು ಸಿಲಿಕಾವನ್ನು ರಬ್ಬರಿಗೆ ಬೆಸೆಯುವ ರಾಸಾಯನಿಕ ಮತ್ತು ಅದನ್ನು ಬೆರೆಸುವ ಕ್ರಮ.

ಹೀಗಿದ್ದರೂ ಜಗತ್ತು ಮರುಳಾದದ್ದು ಕಣಕ್ಕೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಕಾರ್ಬನ್ ನ್ಯಾನೊ ನಳಿಕೆಗಳ ವಿವರ ಪ್ರಕಟಿಸಿದ ಮೇಲೆ, ಉಕ್ಕಿಗಿಂತ ಎಷ್ಟೋ ಪಟ್ಟು ಬಲಶಾಲಿಯಾದ ಈ ಎಳೆಯನ್ನು ಪ್ಲಾಸ್ಟಿಕ್ಕಿಗೆ ಬೆರೆಸಿಬಿಟ್ಟರೆ ಲೋಹಯುಗವೇ ಮುಗಿಯಿತು ಎಂಬ ಮಾತು ಹಬ್ಬಿತು. ನ್ಯಾನೊ ತಂತ್ರಜ್ಞಾನದ ಜಾಗತಿಕ ಮಾರುಕಟ್ಟೆ 2015ರ ವೇಳೆಗೆ ಒಂದು ಲಕ್ಷ ಕೋಟಿ ಡಾಲರಿಗೆ ಬೆಳೆಯುವುದೆಂಬ ಅಂದಾಜು 2001ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಪ್ರಕಟಣೆಯಲ್ಲಿ ಬಂತು. ನಾನೂ ಆ ದಿನಗಳಲ್ಲಿ ತರಗತಿಯಲ್ಲಿ ಉತ್ಸಾಹದಿಂದ ಇದನ್ನೆಲ್ಲ ಹೇಳಿದವನೇ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೆ ನಳಿಕೆಗಳು ಒಂದಕ್ಕೊಂದು ಅಂಟಿಕೊಂಡು ಕಂತೆಯಾಗುತ್ತವೆ. ಸಿಕ್ಕುಗಟ್ಟಿದ ಕೂದಲಿನಂತೆ ಬಿಡಿಸಲು ಬಾರವು. ಬಲವಾಗಿ ಎಳೆದರೆ ತುಂಡಾಗುತ್ತವೆ, ಮೆಲ್ಲಗೆ ಎಳೆದರೆ ಗಂಟು ಉಳಿಯುತ್ತದೆ. ಒಂಟಿ ನಳಿಕೆಯ ಅಸಾಧಾರಣ ಬಲ ಪ್ಲಾಸ್ಟಿಕ್ಕಿನೊಳಗೆ ಹೋದಾಗ ಅದರ ಅಲ್ಪಾಂಶವಾಗಿ ಮಾತ್ರ ಕಾಣಿಸಿತು. ಜರ್ಮನಿಯ ಬೇಯರ್‌ನಂಥ ದೈತ್ಯ ಸಂಸ್ಥೆಯೇ 2013ರಲ್ಲಿ ತನ್ನ ನ್ಯಾನೊ ನಳಿಕೆ ಉದ್ಯಮವನ್ನು ನಿಲ್ಲಿಸಿತು. ಕಟ್ಟಡದ ತೊಲೆಯಾಗಬೇಕಿದ್ದ ನಳಿಕೆಗಳು ಮುಂದೆ ಲಿಥಿಯಂ ಅಯಾನ್ ಬ್ಯಾಟರಿಗಳಲ್ಲಿ ವಿದ್ಯುತ್ತು ಹರಿಸುವ ಸೇರ್ಪಡೆಯಾಗಿ ನೆಲೆ ಕಂಡುಕೊಂಡವು. ಅಲ್ಲಿ ಬೇಕಾದದ್ದು ಭಾರ ಹೊರುವ ಶಕ್ತಿಯಲ್ಲ. ಒಂದರ ತುದಿ ಇನ್ನೊಂದಕ್ಕೆ ತಾಗುವ ಜಾಲ. 2004ರ ನಂತರ ಗ್ರಾಫೀನ್ ಬಂದಾಗಲೂ ಇದೇ ಪಾಠ ಮರುಕಳಿಸಿತು.

ಇನ್ನು ನಮ್ಮ ಮನೆಯ ವಿಚಾರಕ್ಕೆ ಬರೋಣ. ಕೇಂದ್ರ ಸರ್ಕಾರ 2007ರಲ್ಲಿ ಐದು ವರ್ಷಗಳಿಗೆ ಒಂದು ಸಾವಿರ ಕೋಟಿ ರೂಪಾಯಿಗಳ ನ್ಯಾನೊ ಮಿಷನ್‌ಗೆ ಒಪ್ಪಿಗೆ ನೀಡಿತು. ಪ್ರೊ. ಸಿ.ಎನ್.ಆರ್. ರಾವ್ ಅವರು ಅದರ ಮಂಡಳಿಯ ನೇತೃತ್ವ ವಹಿಸಿದ್ದರು. ಬೆಂಗಳೂರಿನಲ್ಲಿ ನ್ಯಾನೊ ಸಮಾವೇಶಗಳು ನಡೆದವು. 2008ರಲ್ಲಿ ಟಾಟಾ ಕಂಪನಿ ತನ್ನ ಪುಟ್ಟ ಕಾರಿಗೂ ಅದೇ ಹೆಸರಿಟ್ಟ ಮೇಲಂತೂ, ನ್ಯಾನೊ ಪಾಠ ಶುರು ಮಾಡಿದರೆ ಹುಡುಗರು ಕಾರಿನ ಬೆಲೆ ಕೇಳುವಂತಾಯಿತು. ಮಿಷನ್ನಿನಿಂದ ಲಾಭವಾಗಲಿಲ್ಲ ಎಂದು ನಾನು ಹೇಳಲಾರೆ. ಉತ್ತಮ ಪ್ರಯೋಗಾಲಯಗಳು ಬಂದವು, ಒಂದು ಪೀಳಿಗೆಯ ಯುವ ಸಂಶೋಧಕರು ಸಿದ್ಧರಾದರು. ನ್ಯಾನೊ ವಿಜ್ಞಾನದ ಪ್ರಬಂಧಗಳ ಸಂಖ್ಯೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿಗೆ ಸೇರಿತು. ಮೊಬೈಲ್, ರೇಡಾರ್‌ಗಳ ತರಂಗಗಳನ್ನು ತಡೆಯುವ ನಳಿಕೆ ಬೆರೆತ ಪಾಲಿಮರ್‌ಗಳ ಬಗ್ಗೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಗಂಭೀರ ಕೆಲಸ ನಡೆದಿದೆ.

ವಿಪರ್ಯಾಸವೆಂದರೆ ಆ ಸಂಸ್ಥೆಯಿಂದ ಪೀಣ್ಯಕ್ಕೆ ಕೆಲವೇ ಕಿಲೊಮೀಟರ್ ದಾರಿ. ಆ ದಾರಿಯಲ್ಲಿ ಜ್ಞಾನ ನಡೆದುಹೋಗಲಿಲ್ಲ. ಚೀಲ ಹೊತ್ತ ಮಾರಾಟಗಾರ ನಡೆದುಹೋದ. ಪ್ರಯೋಗಾಲಯದಲ್ಲಿ ಹತ್ತು ಗ್ರಾಂ ವಸ್ತು ತಯಾರಿಸಿ ಪ್ರಬಂಧ ಬರೆಯುವುದಕ್ಕೂ, ಹತ್ತು ಟನ್ನಿನಲ್ಲಿ ಮೊದಲ ಕಿಲೊ ಹಾಗೂ ಕೊನೆಯ ಕಿಲೊ ಒಂದೇ ಬಗೆಯಲ್ಲಿ ಇರುವಂತೆ ಮಾಡುವುದಕ್ಕೂ ಅಜಗಜಾಂತರವಿದೆ. ಬೆರೆಸಲು ಜೋಡಿ ಸ್ಕ್ರೂಗಳ ಎಕ್ಸ್‌ಟ್ರೂಡರ್ ಬೇಕು. ಸ್ಕ್ರೂಗಳ ಯಾವ ಭಾಗ ಅರೆಯಬೇಕು, ಯಾವ ಭಾಗ ತಳ್ಳಬೇಕು ಎಂಬ ತಿಳಿವಳಿಕೆ ಬೇಕು. ಜೇಡಿಯ ಮೇಲಿನ ಜಿಡ್ಡಿನ ಲೇಪ ಸಾಮಾನ್ಯವಾಗಿ ಸುಮಾರು 200 ಡಿಗ್ರಿಯಿಂದಲೇ ಕೆಡತೊಡಗುತ್ತದೆ; ನೈಲಾನ್-6 ಕರಗುವುದೇ 220 ಡಿಗ್ರಿಯ ಹೊತ್ತಿಗೆ. ಈ ಇಕ್ಕಟ್ಟಿನಲ್ಲಿ ಎಷ್ಟು ಹೊತ್ತು ಬೆರೆಸಬೇಕು ಎಂಬುದು ಪುಸ್ತಕದಿಂದಲ್ಲ, ಯಂತ್ರದ ಮುಂದೆ ನಿಂತು ಕಲಿಯಬೇಕಾದದ್ದು. ನಮ್ಮ ವಿದ್ಯಾರ್ಥಿಯ ಬಳಿ ಇದ್ದದ್ದು ಅಚ್ಚಿಗೆ ಪ್ಲಾಸ್ಟಿಕ್ ತುಂಬುವ ಸಾಮಾನ್ಯ ಯಂತ್ರ. ಅದು ಕರಗಿಸಿ ತಳ್ಳುತ್ತದೆ, ಅರೆಯುವುದಿಲ್ಲ.

ನಮ್ಮವರಿಗೆ ಇಂಥ ಕೌಶಲ ಬರುವುದಿಲ್ಲ ಎನ್ನುವವರಿಗೆ ಎರಡು ಉದಾಹರಣೆ ಕೊಡಬಲ್ಲೆ. ಒಂದು ಹಳೆಯದು. ಡಮಾಸ್ಕಸ್ ಕತ್ತಿಗಳ ಮೂಲವಾದ ದಕ್ಷಿಣ ಭಾರತದ ಉಕ್ಕಿಗೆ ಯುರೋಪಿಯನ್ನರು ಕೊಟ್ಟ ‘ವುಟ್ಸ್’ ಎಂಬ ಹೆಸರು ಕನ್ನಡದ ‘ಉಕ್ಕು’ ಎಂಬುದರಿಂದ ಬಂದುದೆಂದು ವಿದ್ವಾಂಸರು ಸಾಮಾನ್ಯವಾಗಿ ನಂಬುತ್ತಾರೆ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವಿಜ್ಞಾನಿಗಳು 17ನೆಯ ಶತಮಾನದ ಇಂಥ ಕತ್ತಿಯೊಂದರಲ್ಲಿ ಕಾರ್ಬನ್ ನ್ಯಾನೊ ನಳಿಕೆಗಳನ್ನು ಕಂಡುದಾಗಿ ಪ್ರಕಟಿಸಿದರು. ನಮ್ಮ ಪೂರ್ವಜರಿಗೆ ನ್ಯಾನೊ ತಂತ್ರಜ್ಞಾನ ಗೊತ್ತಿತ್ತು ಎಂದು ಕೂಡಲೇ ಭಾಷಣಗಳು ಶುರುವಾದವು. ಕಮ್ಮಾರನಿಗೆ ನಳಿಕೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮೂಸೆಗೆ ಏನು ಹಾಕಬೇಕು, ಎಷ್ಟು ನಿಧಾನ ಆರಿಸಬೇಕು, ಯಾವ ಬಣ್ಣಕ್ಕೆ ಬಂದಾಗ ಬಡಿಯಬೇಕು ಎಂಬುದು. ಅವನ ಕಸುಬು ಅಳಿದಾಗ ಆ ಉಕ್ಕೂ ಅಳಿಯಿತು. ಅದಿರು ಮಾತ್ರ ನೆಲದಲ್ಲೇ ಉಳಿಯಿತು.

ಇನ್ನೊಂದು ನಮ್ಮ ಕಾಲದ್ದು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ 45ರಷ್ಟು ಕಾಂಪೋಸಿಟ್ ವಸ್ತು. ಇದು ನ್ಯಾನೊ ಅಲ್ಲ, ಕಾರ್ಬನ್ ನಾರಿನದು. ಆದರೂ ಇಲ್ಲಿ ಪ್ರಸ್ತುತ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ವರ್ಷಗಟ್ಟಲೆ ಅಚ್ಚು, ಒತ್ತಡ, ಶಾಖಗಳ ಜೊತೆ ಗುದ್ದಾಡಿ ಈ ವಿದ್ಯೆಯನ್ನು ಕರಗತ ಮಾಡಿಕೊಂಡರು. ವಿಮಾನಕ್ಕೆ ಸಾಧ್ಯವಾದ ತಾಳ್ಮೆ ಪಂಪಿನ ಬಿಡಿಭಾಗಕ್ಕೆ ಏಕೆ ಸಾಧ್ಯವಾಗಬಾರದು?

ಇದು ಒಬ್ಬ ಉದ್ಯಮಿಯ ನಷ್ಟದ ಪ್ರಶ್ನೆ ಮಾತ್ರವಲ್ಲ. ನಗರದ ಕಸದ ಪ್ರಶ್ನೆಯೂ ಹೌದು. ಚಿಪ್ಸ್ ಪೊಟ್ಟಣ ಮರುಬಳಕೆಗೆ ಒಗ್ಗದಿರುವುದು ಅದರಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ಕುಗಳೂ ಲೋಹದ ಲೇಪವೂ ಬೇರ್ಪಡಿಸಲಾಗದಂತೆ ಅಂಟಿಕೊಂಡಿರುವುದರಿಂದ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ಕೈಬಿಡಬೇಕೆಂದವು. 2018ರಲ್ಲಿ ಆ ನಿಯಮಕ್ಕೆ ‘ಬೇರಾವ ಉಪಯೋಗವೂ ಇಲ್ಲದಿದ್ದರೆ’ ಎಂಬರ್ಥದ ತಿದ್ದುಪಡಿ ಬಂದು ಹಗ್ಗ ಸಡಿಲವಾಯಿತು. ಪರ್ಯಾಯ ವಸ್ತು ಕೈಯಲ್ಲಿಲ್ಲದಾಗ ಕಾನೂನು ಹೀಗೆಯೇ ಬಾಗುತ್ತದೆ. ಒಂದೇ ಬಗೆಯ ಪ್ಲಾಸ್ಟಿಕ್ಕಿಗೆ ಕೆಲವೇ ಶೇಕಡ ಜೇಡಿ ಬೆರೆಸಿ ಗಾಳಿ ತಡೆಯುವ ಹಾಳೆ ಮಾಡುವುದು ಪರ್ಯಾಯಗಳಲ್ಲೊಂದು. ಅದೇ ಸರ್ವರೋಗ ಪರಿಹಾರ ಎಂದು ನಾನು ಹೇಳುವುದಿಲ್ಲ. ಗಂಟಿಲ್ಲದ ತೆಳು ಹಾಳೆ ತೆಗೆಯುವುದು ಬಿಡಿಭಾಗ ಮಾಡುವುದಕ್ಕಿಂತ ಕಷ್ಟ. ಆದರೆ ಜೇಡಿಗಾಗಿ ನಾವು ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ಮಾಂಟ್‌ಮೊರಿಲೊನೈಟ್ ತುಂಬಿದ ಬೆಂಟೊನೈಟ್ ಗುಜರಾತ್, ರಾಜಸ್ಥಾನಗಳಲ್ಲಿ ಯಥೇಚ್ಛವಾಗಿದೆ.

ಈಗ ಏಣಿಯ ಮೇಲಿನ ಆ ಹುಡುಗನ ವಿಷಯ. ಎಡಿನ್‌ಬರೊ ವಿಶ್ವವಿದ್ಯಾಲಯದ ವಿಜ್ಞಾನಿಗಳಿದ್ದ ತಂಡವೊಂದು 2008ರಲ್ಲಿ ಉದ್ದನೆಯ, ನೇರವಾದ ಕಾರ್ಬನ್ ನಳಿಕೆಗಳನ್ನು ಇಲಿಗಳ ಉದರಕುಹರಕ್ಕೆ ಸೇರಿಸಿದಾಗ ಅಲ್ಲಿನ ಒಳಪೊರೆಯಲ್ಲಿ ಕಲ್ನಾರು ಉಂಟುಮಾಡುವಂಥದೇ ಉರಿಯೂತ ಕಂಡುಬಂದಿತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 2013ರಲ್ಲಿ, ಕೆಲಸದ ಸ್ಥಳದ ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ನಳಿಕೆ-ನಾರುಗಳು ಒಂದು ಮೈಕ್ರೊಗ್ರಾಂ ಮೀರಬಾರದೆಂದು ಶಿಫಾರಸು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2014ರಲ್ಲಿ ಒಂದು ಬಗೆಯ ಬಹುಗೋಡೆ ನಳಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು.

ಅನಗತ್ಯ ಭೀತಿ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಜೇಡಿ ನಳಿಕೆಯಲ್ಲ. ಪ್ಲಾಸ್ಟಿಕ್ಕಿನೊಳಗೆ ಬಂಧಿಯಾದ ಕಣ ಸುಲಭವಾಗಿ ಹೊರಬರುವುದೂ ಇಲ್ಲ. ಆ ಪಂಪಿನ ಭಾಗವನ್ನು ಕೈಯಲ್ಲಿ ಹಿಡಿದವನಿಗೆ ಹೆದರಿಕೆ ಬೇಕಿಲ್ಲ. ಅಪಾಯವಿರುವುದು ಪುಡಿಯನ್ನು ಸುರಿಯುವಾಗ, ಸಿದ್ಧವಸ್ತುವನ್ನು ಉಜ್ಜುವಾಗ, ಕೊರೆಯುವಾಗ. ಅಂದರೆ ಲಾಭ ಒಬ್ಬರಿಗೆ, ಧೂಳು ಇನ್ನೊಬ್ಬರಿಗೆ. ಇಂದು ಜೇಡಿ ಸುರಿಯುವ ಮಗ್ಗಿನಲ್ಲಿ ನಾಳೆ ನಳಿಕೆಯೂ ಬರುತ್ತದೆ. ಟವೆಲಿಗೆ ಎರಡರ ವ್ಯತ್ಯಾಸ ತಿಳಿಯದು. ಕಲ್ನಾರಿನ ವಿಷಯದಲ್ಲಿ ಜಗತ್ತು ಎಚ್ಚೆತ್ತುಕೊಳ್ಳಲು ದಶಕಗಳೇ ಹಿಡಿದವು. ಅದನ್ನು ಉಸಿರಾಡಿದ ಕಾರ್ಮಿಕನ ಕಾಯಿಲೆಯೂ ದಶಕಗಳ ನಂತರವೇ ಹೊರಬರುತ್ತಿತ್ತು. ಅದೇ ತಪ್ಪನ್ನು ಇನ್ನೊಮ್ಮೆ ಮಾಡಲು ನಮಗೆ ಯಾವ ನೆಪವೂ ಇಲ್ಲ.

ಮೂಲವಿಜ್ಞಾನಕ್ಕೆ ಹಣ ಕೊಡುವುದೇ ಕಡಿಮೆ ಇರುವ ದೇಶದಲ್ಲಿ ಅದನ್ನೂ ಟೀಕಿಸಬೇಕೆ ಎಂದು ನನ್ನ ಸಹೋದ್ಯೋಗಿಗಳು ಆಕ್ಷೇಪಿಸಬಹುದು. ಮೂಲವಿಜ್ಞಾನಕ್ಕೆ ಒಂದು ರೂಪಾಯಿಯೂ ಕಡಿಮೆಯಾಗಬಾರದು ಎಂಬುದೇ ನನ್ನ ನಿಲುವು. ಟೊಯೊಟದವರ ಸಾಧನೆಯೂ ಮೂಲವಿಜ್ಞಾನದ ತಳಹದಿಯ ಮೇಲೆಯೇ ನಿಂತಿದೆ. ಆದರೆ ಅಲ್ಲಿ ರಸಾಯನವಿಜ್ಞಾನಿಯೂ ಕಾರು ಕಟ್ಟುವವನೂ ಒಂದೇ ಸೂರಿನಡಿ ಇದ್ದರು. ನಮ್ಮಲ್ಲಿ ಅವರಿಬ್ಬರೂ ಒಂದೇ ಊರಿನಲ್ಲಿದ್ದು ಮುಖ ನೋಡದವರು.

ಹಾಗಾದರೆ ಆಗಬೇಕಾದದ್ದೇನು? ಪೀಣ್ಯ, ಬೊಮ್ಮಸಂದ್ರದಂಥ ಕಡೆ ಸಣ್ಣ ಉದ್ಯಮಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದಾದ ಮಿಶ್ರಣ ಘಟಕ ಹಾಗೂ ಪರೀಕ್ಷಾ ಕೇಂದ್ರ ಬೇಕು. ಮೈಸೂರಿನಲ್ಲಿರುವ ಸಿಪೆಟ್‌ನಂಥ ಸಂಸ್ಥೆಗಳ ಅನುಭವವನ್ನು ಇದಕ್ಕೆ ಬಳಸಿಕೊಳ್ಳಬಹುದು. ಸರ್ಕಾರದ ಹಣದಿಂದ ನಡೆಯುವ ಅನ್ವಯಿಕ ಯೋಜನೆಗಳ ಮೌಲ್ಯಮಾಪನದಲ್ಲಿ ಎಷ್ಟು ಪ್ರಬಂಧ ಎಂಬುದರ ಜೊತೆಗೆ ಎಷ್ಟು ಕಿಲೊ, ಯಾರ ಯಂತ್ರದಲ್ಲಿ ಎಂಬ ಪ್ರಶ್ನೆಯನ್ನೂ ಕೇಳಬೇಕು. ‘ನ್ಯಾನೊ’ ಎಂದು ಬರೆದು ಮಾರುವವನು ಆ ಮಾತಿಗೆ ಪರೀಕ್ಷಾ ವರದಿಯ ಆಧಾರ ಕೊಡುವಂತಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಡಿಲ ಪುಡಿ ಸಣ್ಣ ಘಟಕಗಳ ಅಂಗಳಕ್ಕೆ ಬರುವುದೇ ನಿಲ್ಲಬೇಕು. ಮುಚ್ಚಿದ ವ್ಯವಸ್ಥೆಯಲ್ಲಿ ಮೊದಲೇ ಗಾಢವಾಗಿ ಬೆರೆಸಿ ಕಾಳು ಮಾಡಿದ ಮಾಸ್ಟರ್‌ಬ್ಯಾಚ್ ಮಾತ್ರ ಅಲ್ಲಿಗೆ ತಲುಪಬೇಕು. ತಣ್ಣೀರಿನಲ್ಲಿ ಮೊದಲು ಕದಡಿಟ್ಟ ಹಿಟ್ಟಿನ ಉಪಾಯವೇ ಇದು. ಗಂಟೂ ಕಡಿಮೆ, ಧೂಳೂ ಇಲ್ಲ. ಕೇಂದ್ರದ ನ್ಯಾನೊ ಮಿಷನ್ 2016ರಲ್ಲಿ ಸುರಕ್ಷಿತ ನಿರ್ವಹಣೆಯ ಮಾರ್ಗಸೂಚಿಯನ್ನು ರೂಪಿಸಿತ್ತು. ಅಂಥ ಮಾರ್ಗಸೂಚಿ ಕನ್ನಡದಲ್ಲಿ, ಹಿಂದಿಯಲ್ಲಿ, ಚಿತ್ರಗಳೊಂದಿಗೆ ಯಂತ್ರದ ಪಕ್ಕದ ಗೋಡೆಯ ಮೇಲೆ ಇರದಿದ್ದರೆ ಅದು ಇದ್ದೂ ಇಲ್ಲದಂತೆ.

ಆ ವಿದ್ಯಾರ್ಥಿ ಸಾಲ ತೀರಿಸಲು ಎರಡು ವರ್ಷ ಪರದಾಡಿದ. ಈಗ ಬೇರೆಯವರಿಂದ ಕಾಳು ರೂಪದ ಮಿಶ್ರಣ ತರಿಸಿಕೊಂಡು ಕೆಲಸ ನಡೆಸುತ್ತಿದ್ದಾನೆ. ಇತ್ತೀಚೆಗೆ ಹೋದಾಗ ಹೊಸದೊಂದು ಬಿಡಿಭಾಗವನ್ನು ನನ್ನ ಕೈಗಿತ್ತು, ‘ನೀವೇ ಬೀಳಿಸಿ ನೋಡಿ ಸಾರ್’ ಎಂದ. ನೆಲಕ್ಕೆ ಎಸೆದೆ, ಅದು ಪುಟಿದು ಮೇಜಿನ ಕೆಳಗೆ ಉರುಳಿತು. ಸಂತೋಷವಾಯಿತು. ಏಣಿಯ ಮೇಲಿದ್ದ ಹುಡುಗ ಎಲ್ಲಿ ಎಂದು ವಿಚಾರಿಸಿದೆ. ‘ಅವನು ಬಿಟ್ಟು ಹೋಗಿ ಬಹಳ ದಿನವಾಯಿತು ಸಾರ್. ಬೇರೆ ಯಾವುದೋ ಫ್ಯಾಕ್ಟರಿಯಲ್ಲಿ ಮಿಕ್ಸಿಂಗ್ ಕೆಲಸಕ್ಕೇ ಸೇರಿಕೊಂಡನಂತೆ’ ಎಂದ. ಆ ಫ್ಯಾಕ್ಟರಿಯಲ್ಲಿ ಅವನ ಕೈಗೆ ಕಾಳು ಕೊಟ್ಟಿದ್ದಾರೋ ಪುಡಿ ಕೊಟ್ಟಿದ್ದಾರೋ ಎಂದು ಕೇಳುವವರು ಈ ನಗರದಲ್ಲಿ ಯಾರಾದರೂ ಇರಬೇಕು.